ಮೂರು ವರ್ಷವೋ, ಐದು ವರ್ಷವೋ? ಗಡಿ ದಾಟುವ ತಜ್ಞ ವೈದ್ಯರ ತರಬೇತಿಗೆ ಅಳತೆ ಹಾಕುವವರು ಯಾರು

ಹೋದ ತಿಂಗಳು ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹಿರಿಯರು ಮಾತಿಗೆ ಸಿಕ್ಕರು. ಅವರ ಮಗಳು ಅರಿವಳಿಕೆ ವಿಭಾಗದಲ್ಲಿ ಎಂ.ಡಿ. ಮುಗಿಸಿದ್ದಾಳೆ. ಜರ್ಮನಿಗೆ ಹೋಗುವ ಯೋಚನೆಯಲ್ಲಿದ್ದಾಳೆ. "ಅಲ್ಲಿ ಮತ್ತೆ ಪರೀಕ್ಷೆ ಕೊಡಬೇಕಂತೆ ಕಣ್ರೀ. ಅದೇ ರೊಮೇನಿಯಾದವರು ಹೋದ್ರೆ ಆ ಪರೀಕ್ಷೆ ಬೇಡವಂತೆ. ಅವರೇನು ನಮ್ಮ ಮಕ್ಕಳಿಗಿಂತ ಜಾಸ್ತಿ ಓದಿರ್ತಾರಾ?" ಎಂದು ಕೇಳಿದರು.

ಬಹಳ ಒಳ್ಳೆಯ ಪ್ರಶ್ನೆ. ಪಾಯಸ ಬಡಿಸುವಷ್ಟರಲ್ಲಿ ಮುಗಿಯುವಂಥದ್ದಲ್ಲ. ಅವರಿಗೆ ಅಂದು ಪೂರ್ತಿ ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈಗ ನಮ್ಮ ಬೀದಿಬೀದಿಯಲ್ಲೂ ಹೊರದೇಶಕ್ಕೆ ಹೊರಟ ಡಾಕ್ಟರ್ ಮಕ್ಕಳಿದ್ದಾರೆ. ನಮ್ಮ ಆಸ್ಪತ್ರೆಗಳ ಬೋರ್ಡಿನಲ್ಲೂ ಡಾಕ್ಟರ ಹೆಸರಿನ ಮುಂದೆ ಹೊರದೇಶದ ಅಕ್ಷರಗಳು ಸಾಲಾಗಿ ನಿಂತಿರುತ್ತವೆ. ಆ ಅಕ್ಷರಗಳ ಹಿಂದೆ ಏನಿದೆ ಎಂದು ತಿಳಿದರೆ ರೋಗಿಗೂ ಒಳ್ಳೆಯದು.

ಮೊದಲು, ತಜ್ಞ ವೈದ್ಯ ಅಂದರೆ ಯಾರು?

ನಮ್ಮಲ್ಲಿ ಎಂ.ಬಿ.ಬಿ.ಎಸ್. ಅಂದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ಮೂರು ವರ್ಷದ ಪಿ.ಜಿ.: ಎಂ.ಡಿ., ಎಂ.ಎಸ್., ಇಲ್ಲವೇ ಡಿ.ಎನ್.ಬಿ. ಇಷ್ಟಾದರೆ ಮಕ್ಕಳ ಡಾಕ್ಟರು, ಕಣ್ಣಿನ ಡಾಕ್ಟರು, ಅರಿವಳಿಕೆ ಡಾಕ್ಟರು ಎಂದು ಕರೆಸಿಕೊಳ್ಳಬಹುದು. ಹೃದಯ, ಮೂತ್ರಪಿಂಡದಂಥ ವಿಭಾಗಗಳಿಗೆ ಅದರ ಮೇಲೆ ಇನ್ನೂ ಮೂರು ವರ್ಷ.

ಯುರೋಪಿನ ಬಹುತೇಕ ದೇಶಗಳಲ್ಲಿ ವೈದ್ಯ ಪದವಿಗೆ ಆರು ವರ್ಷ ಹಿಡಿಯುತ್ತದೆ. ತಜ್ಞರಾಗುವ ತರಬೇತಿ ಅದರ ನಂತರದ್ದು. ಜರ್ಮನಿಯಲ್ಲಿ ಈ ತರಬೇತಿಗೆ ಕಾಲೇಜು ಸೀಟು ಅಂತ ಇರುವುದಿಲ್ಲ. ಆಸ್ಪತ್ರೆಯಲ್ಲಿ ಸಂಬಳಕ್ಕೆ ಕೆಲಸಕ್ಕೆ ಸೇರಬೇಕು. ವಿಭಾಗಕ್ಕೆ ತಕ್ಕಂತೆ ಐದಾರು ವರ್ಷ ಕೆಲಸ ಮಾಡುತ್ತಲೇ ಕಲಿಯಬೇಕು. ಮಾಡಿದ್ದನ್ನೆಲ್ಲ ಲಾಗ್‌ಬುಕ್‌ನಲ್ಲಿ ಬರೆಸಬೇಕು. ಕೊನೆಗೆ ಆ ರಾಜ್ಯದ ವೈದ್ಯರ ಸಂಘಟನೆ ಮೌಖಿಕ ಪರೀಕ್ಷೆ ಮಾಡುತ್ತದೆ. ಪಾಸಾದವರಿಗೆ 'ಫಾಖ್‌ಆರ್ಟ್ಸ್‌ಟ್' ಎಂಬ ಹೆಸರು ಸಿಗುತ್ತದೆ. ಅಂದರೆ ತಜ್ಞ ವೈದ್ಯ.

ಬ್ರಿಟನ್ನಿನ ದಾರಿ ಮತ್ತೊಂದು ಥರ. ನಮ್ಮ ಬೋರ್ಡುಗಳಲ್ಲಿ ಕಾಣುವ ಎಂ.ಆರ್.ಸಿ.ಪಿ. ಅಲ್ಲಿಯದು, ಅಂದರೆ ಅಲ್ಲಿನ ವೈದ್ಯರ ರಾಯಲ್ ಕಾಲೇಜುಗಳ ಸದಸ್ಯತ್ವ ಪರೀಕ್ಷೆ. ತುಂಬಾ ಜನ ಅದನ್ನು ತಜ್ಞ ಪದವಿ ಎಂದುಕೊಂಡಿದ್ದಾರೆ. ಆ ಪರೀಕ್ಷೆ ಕಷ್ಟದ್ದೇ, ಅನುಮಾನ ಬೇಡ. ಆದರೆ ಬ್ರಿಟನ್ನಿನಲ್ಲಿ ಅದನ್ನು ತರಬೇತಿಯ ಮೊದಲ ಹಂತದಲ್ಲೇ ಪಾಸಾಗುತ್ತಾರೆ. ಅದಾದ ಮೇಲೆ ಇನ್ನೂ ನಾಲ್ಕೈದು ವರ್ಷ ಒಂದು ವಿಭಾಗದಲ್ಲಿ ದುಡಿದು, 'ತರಬೇತಿ ಪೂರ್ಣ' ಎಂಬ ಪ್ರಮಾಣಪತ್ರ ಪಡೆದು, ತಜ್ಞರ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಆ ಪಟ್ಟಿಯಲ್ಲಿ ಹೆಸರಿದ್ದರೇ ಅಲ್ಲಿ ಕನ್ಸಲ್ಟೆಂಟ್ ಹುದ್ದೆ ಖಾಯಂ ಆಗುವುದು. ಹಾಗಾಗಿ ಹೆಸರಿನ ಮುಂದೆ ಎಂ.ಆರ್.ಸಿ.ಪಿ. ಒಂದೇ ಇದ್ದರೆ, ಆ ಡಾಕ್ಟರು ಒಂದು ದೊಡ್ಡ ಬಾಗಿಲು ದಾಟಿದ್ದಾರೆ ಎಂದಷ್ಟೇ ಅರ್ಥ. ಮುಂದಿನ ತರಬೇತಿ ಎಲ್ಲಿ ಆಯಿತು ಎಂದು ಕೇಳಿ ತಿಳಿಯಬಹುದು. ಕೇಳುವುದರಲ್ಲಿ ತಪ್ಪಿಲ್ಲ.

ಊರಿಗೊಂದು ಸೇರು

ನಮ್ಮ ಅಜ್ಜಂದಿರ ಕಾಲದಲ್ಲಿ ಊರಿಂದೂರಿಗೆ ಸೇರಿನ ಅಳತೆ ಬದಲಾಗುತ್ತಿತ್ತು. ಒಂದು ಸಂತೆಯ ಸೇರು ಅಕ್ಕಿ ಇನ್ನೊಂದು ಸಂತೆಯಲ್ಲಿ ಸೇರಾಗಿ ಉಳಿಯುತ್ತಿರಲಿಲ್ಲ. ಊರೊಳಗೇ ಕೊಂಡು ತಿನ್ನುವವರಿಗೆ ಅದರಿಂದ ತೊಂದರೆಯಿರಲಿಲ್ಲ. ಗಾಡಿ ಕಟ್ಟಿಕೊಂಡು ಬೇರೆ ಊರಿಗೆ ಹೊರಟಾಗಲೇ ಜಗಳ. ಭಾರತದಲ್ಲಿ 1958ರ ಅಕ್ಟೋಬರ್‌ನಲ್ಲಿ ಕಿಲೋಗ್ರಾಂ ಜಾರಿಗೆ ಬರತೊಡಗಿದ ಮೇಲೆ ಆ ಜಗಳ ನಿಧಾನವಾಗಿ ತಣ್ಣಗಾಯಿತು.

ಅದೇ 1958ರ ಜುಲೈನಲ್ಲಿ ಯುರೋಪಿನ ತಜ್ಞ ವೈದ್ಯರಿಗೂ ಇಂಥದ್ದೇ ಜಗಳದ ಭಯ ಹತ್ತಿತ್ತು. ಹಿಂದಿನ ವರ್ಷವಷ್ಟೇ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಸೇರಿ ರೋಮ್ ಒಪ್ಪಂದಕ್ಕೆ ಸಹಿ ಹಾಕಿದ್ದವು. ಸರಕು ಮಾತ್ರವಲ್ಲ, ಕೆಲಸ ಮಾಡುವ ಜನರೂ ಈ ಆರು ದೇಶಗಳಲ್ಲಿ ಓಡಾಡಬಹುದು ಎಂಬುದು ಒಪ್ಪಂದದ ಆಶಯ. ಡಾಕ್ಟರೂ ಕೆಲಸ ಮಾಡುವ ಜನರೇ ಅಲ್ವಾ? ಇಟಲಿಯಲ್ಲಿ ಸರ್ಜನ್ ಎನಿಸಿಕೊಂಡವರು ನಾಳೆ ಬೆಲ್ಜಿಯಂನಲ್ಲಿ ಚಾಕು ಹಿಡಿಯಬಹುದು. ಅವರ ಕಲಿಕೆಯೂ ಬೆಲ್ಜಿಯಂನ ಸರ್ಜನ್‌ಗಳ ಕಲಿಕೆಯೂ ಒಂದೇ ತೂಕದ್ದೋ ಎಂದು ನೋಡುವವರು ಯಾರು?

ಆ ಆರು ದೇಶಗಳ ತಜ್ಞ ವೈದ್ಯರ ಸಂಘಗಳು ಬ್ರಸೆಲ್ಸ್‌ನಲ್ಲಿ ಕೂಡಿ ಒಂದು ಸಂಸ್ಥೆ ಕಟ್ಟಿದವು. ಹೆಸರು ಯುರೋಪಿಯನ್ ಯೂನಿಯನ್ ಆಫ್ ಮೆಡಿಕಲ್ ಸ್ಪೆಷಲಿಸ್ಟ್ಸ್. ಚಿಕ್ಕದಾಗಿ ಯು.ಇ.ಎಂ.ಎಸ್. ಇಂದು ಅದರಲ್ಲಿ ನಲವತ್ತಕ್ಕೂ ಹೆಚ್ಚು ವಿಭಾಗಗಳಿವೆ. ಕಣ್ಣಿಗೊಂದು, ಮೂಳೆಗೊಂದು, ಅರಿವಳಿಕೆಗೊಂದು. ಸುಮಾರು 16 ಲಕ್ಷ ತಜ್ಞ ವೈದ್ಯರ ಪರವಾಗಿ ಮಾತಾಡುತ್ತೇವೆ ಎಂದು ಅದು ಹೇಳಿಕೊಳ್ಳುತ್ತದೆ.

ಇಲ್ಲಿ ಒಂದು ವಿಷಯವನ್ನು ಸರಿಯಾಗಿ ತಿಳಿಯಬೇಕು. ಯು.ಇ.ಎಂ.ಎಸ್. ಸರ್ಕಾರದ್ದಲ್ಲ. ಅದು ಯಾರ ಲೈಸೆನ್ಸನ್ನೂ ಕಿತ್ತುಕೊಳ್ಳಲಾರದು, ಯಾವ ಆಸ್ಪತ್ರೆಯನ್ನೂ ಮುಚ್ಚಿಸಲಾರದು. ಕಾನೂನು ಮಾಡುವುದು ಯುರೋಪಿಯನ್ ಒಕ್ಕೂಟ, ಅಂದರೆ ಆ ರೋಮ್ ಒಪ್ಪಂದದಿಂದ ಬೆಳೆದ ದೇಶಗಳ ಕೂಟ. ಅದನ್ನು ಜಾರಿ ಮಾಡುವುದು ಆಯಾ ದೇಶ. ಯು.ಇ.ಎಂ.ಎಸ್. ಮಾಡುವ ಮುಖ್ಯ ಕೆಲಸ ಒಂದು: ಒಳ್ಳೆಯ ತರಬೇತಿ ಹೇಗಿರಬೇಕು ಎಂದು ಆ ಕೆಲಸ ಬಲ್ಲವರಿಂದಲೇ ಬರೆಸುವುದು.

ಕಾನೂನು ಹಾಕಿದ ಕೆಳಗೆರೆ, ವೃತ್ತಿಯವರು ಎಳೆದ ಮೇಲ್ಗೆರೆ

ಕಾನೂನು ಬರಲು ಬಹಳ ಕಾಲ ಹಿಡಿಯಿತು. ವೈದ್ಯರ ಬಗ್ಗೆ ಮೊದಲ ನಿಯಮಗಳು ಬಂದದ್ದು 1975ರಲ್ಲಿ. ಈಗ ಜಾರಿಯಲ್ಲಿರುವುದು 2005ರದ್ದು. 2013ರಲ್ಲಿ ಅದನ್ನು ತಿದ್ದಿದರು.

ಆ ಕಾನೂನಿನ ಕೊನೆಗೆ ಒಂದು ಉದ್ದನೆಯ ಪಟ್ಟಿ ಇದೆ. ಒಂದೊಂದು ತಜ್ಞ ವಿಭಾಗಕ್ಕೂ ಯಾವ ದೇಶದಲ್ಲಿ ಏನು ಹೆಸರು, ಕಡಿಮೆಯೆಂದರೆ ಎಷ್ಟು ವರ್ಷ ತರಬೇತಿ ಎಂದು ಅದರಲ್ಲಿ ಬರೆದಿದೆ. ಸರ್ಜರಿಗೆ, ಮಿದುಳು ಶಸ್ತ್ರಚಿಕಿತ್ಸೆಗೆ, ಮೂಳೆ ವಿಭಾಗಕ್ಕೆ 5 ವರ್ಷ. ಮಕ್ಕಳ ವಿಭಾಗ, ಹೆರಿಗೆ ಮತ್ತು ಸ್ತ್ರೀರೋಗ, ಮಾನಸಿಕ ರೋಗಗಳಿಗೆ 4 ವರ್ಷ. ಕಣ್ಣು, ಚರ್ಮ, ಕಿವಿ-ಮೂಗು-ಗಂಟಲು, ಅರಿವಳಿಕೆಗೆ 3 ವರ್ಷ. ಒಂದು ದೇಶದ ತರಬೇತಿ ಈ ಕನಿಷ್ಠವನ್ನು ಮುಟ್ಟಿದ್ದರೆ, ಅಲ್ಲಿನ ಪ್ರಮಾಣಪತ್ರದ ಹೆಸರು ಪಟ್ಟಿಯಲ್ಲಿದ್ದರೆ, ಒಕ್ಕೂಟದ ಉಳಿದ ದೇಶಗಳು ಅದನ್ನು ಹಾಗೇ ಒಪ್ಪಬೇಕು. ಇದಕ್ಕೆ ತಾನೇತಾನಾಗಿ ಸಿಗುವ ಮಾನ್ಯತೆ ಎನ್ನಬಹುದು. ಹೊಸ ವಿಭಾಗವೊಂದು ಪಟ್ಟಿ ಸೇರಬೇಕಾದರೆ ಸದಸ್ಯ ದೇಶಗಳಲ್ಲಿ ಐದರಲ್ಲಿ ಎರಡು ಪಾಲಾದರೂ ಆ ವಿಭಾಗವನ್ನು ನಡೆಸುತ್ತಿರಬೇಕು.

ಪಂಕ್ತಿಯಲ್ಲಿ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ರೊಮೇನಿಯಾ 2007ರಲ್ಲಿ ಒಕ್ಕೂಟ ಸೇರಿತು. ಅದರ ಪ್ರಮಾಣಪತ್ರಗಳು ಪಟ್ಟಿಯಲ್ಲಿವೆ. ಭಾರತ ಒಕ್ಕೂಟದಲ್ಲಿಲ್ಲ, ಆದ್ದರಿಂದ ಪಟ್ಟಿಯಲ್ಲೂ ಇಲ್ಲ. ಗಮನಿಸಿ, ಅರಿವಳಿಕೆಗೆ ಕಾನೂನು ಕೇಳುವ ಕನಿಷ್ಠ 3 ವರ್ಷ. ನಮ್ಮ ಎಂ.ಡಿ.ಯೂ 3 ವರ್ಷವೇ. ಲೆಕ್ಕ ಸಮ ಇದ್ದರೂ ಬಾಗಿಲು ತೆರೆಯುವುದಿಲ್ಲ. ಏಕೆಂದರೆ ಆ ಬಾಗಿಲು ತೆರೆಯುವುದು ದೇಶದೇಶಗಳ ನಡುವಿನ ಒಪ್ಪಂದ. ಯಾರು ಜಾಣರು, ಯಾರು ದಡ್ಡರು ಎಂಬ ತೀರ್ಮಾನ ಅದರಲ್ಲಿ ಇಲ್ಲವೇ ಇಲ್ಲ. ಇದನ್ನು ಆ ಹಿರಿಯರಿಗೆ ಒತ್ತಿ ಹೇಳಬೇಕಿತ್ತು.

ಹಾಗಿದ್ದರೆ ಯು.ಇ.ಎಂ.ಎಸ್. ಬರೆಯುವುದೇನು? ಕಾನೂನಿನ ಪಟ್ಟಿ ವರ್ಷಗಳನ್ನಷ್ಟೇ ಎಣಿಸುತ್ತದೆ. ಆ ವರ್ಷಗಳ ಒಳಗೆ ಏನು ಕಲಿಯಬೇಕು ಎಂದು ಅದರಲ್ಲಿ ಹೆಚ್ಚೇನಿಲ್ಲ. ಆ ಖಾಲಿ ಜಾಗ ತುಂಬಲು ಪ್ರತಿ ವಿಭಾಗದ ತಜ್ಞರು ಸೇರಿ 'ಯುರೋಪಿನ ತರಬೇತಿ ಅಗತ್ಯಗಳು' ಎಂಬ ದಾಖಲೆ ಬರೆಯುತ್ತಾರೆ. ಅದರಲ್ಲಿ ಮೂರು ಭಾಗ. ಕಲಿಯುವವರು ಏನೇನು ಬಲ್ಲವರಾಗಬೇಕು. ಕಲಿಸುವವರು ಹೇಗಿರಬೇಕು. ಕಲಿಸುವ ಆಸ್ಪತ್ರೆಯಲ್ಲಿ ಏನೇನಿರಬೇಕು.

ಎರಡನೆಯ, ಮೂರನೆಯ ಭಾಗಗಳನ್ನು ಜನ ಗಮನಿಸುವುದು ಕಡಿಮೆ. ನನಗೆ ಅವೇ ಮುಖ್ಯ ಅನ್ನಿಸುತ್ತವೆ. ಹೆರಿಗೆಗಳೇ ಅಪರೂಪವಾದ ಆಸ್ಪತ್ರೆಯಲ್ಲಿ ಎಷ್ಟು ಜಾಣ ವಿದ್ಯಾರ್ಥಿ ಇದ್ದರೂ ಹೆರಿಗೆ ಮಾಡಿಸುವುದನ್ನು ಹೇಗೆ ಕಲಿತಾರು? ಕಲಿಸಬೇಕಾದವರಿಗೆ ಪುರುಸೊತ್ತೇ ಇಲ್ಲದಿದ್ದರೆ ಪಠ್ಯಕ್ರಮ ಎಷ್ಟು ಚೆನ್ನಾಗಿದ್ದರೇನು? ಪಿ.ಜಿ. ಮಾಡಿದ ಯಾರನ್ನಾದರೂ ಕೇಳಿ ನೋಡಿ. ಅವರ ಮಾತು ಪುಸ್ತಕದಿಂದ ಶುರುವಾಗುವುದಿಲ್ಲ. ಯಾವ ಯೂನಿಟ್, ಎಷ್ಟು ಕೇಸ್, ಯಾವ ಸೀನಿಯರ್ ಕೈಹಿಡಿದು ಕಲಿಸಿದರು ಎಂಬಲ್ಲಿಂದಲೇ ಶುರುವಾಗುತ್ತದೆ.

ಈ ದಾಖಲೆ ಒಬ್ಬಿಬ್ಬರು ಕೂತು ಬರೆಯುವಂಥದ್ದಲ್ಲ. ಒಂದು ವಿಭಾಗ ಕರಡು ಮಾಡುತ್ತದೆ. ಅದು ಬೇರೆ ವಿಭಾಗಗಳಿಗೂ ದೇಶಗಳ ಸಂಘಗಳಿಗೂ ಹೋಗುತ್ತದೆ. ಅವರು ತಕರಾರು ತೆಗೆಯುತ್ತಾರೆ. ತಿದ್ದಿ ಮತ್ತೆ ತರುತ್ತಾರೆ. ಕೊನೆಗೆ ಎಲ್ಲ ದೇಶಗಳ ಪ್ರತಿನಿಧಿಗಳ ಸಭೆಯಲ್ಲಿ ಒಪ್ಪಿಗೆ ಪಡೆಯುತ್ತದೆ. ತಕರಾರು ಬರಲು ಕಾರಣಗಳೂ ಇವೆ. ಒಂದು ದೇಶದ ವಿಭಾಗ ಇನ್ನೊಂದು ದೇಶದಲ್ಲಿ ಇರುವುದೇ ಇಲ್ಲ. ತುರ್ತು ಚಿಕಿತ್ಸೆಯನ್ನೇ ನೋಡಿ. ಹಲವು ದೇಶಗಳಲ್ಲಿ ಅದೇ ಒಂದು ತಜ್ಞ ವಿಭಾಗ. ಜರ್ಮನಿಯಲ್ಲಿ ಅದು ಬೇರೆ ವಿಭಾಗದ ತಜ್ಞರು ಮೇಲಿಂದ ಸೇರಿಸಿಕೊಳ್ಳುವ ಅರ್ಹತೆ. ಅಲ್ಲಿ ಆಂಬುಲೆನ್ಸ್ ಜೊತೆ ಓಡುವ ಡಾಕ್ಟರು ಎಷ್ಟೋ ಸಲ ಅರಿವಳಿಕೆ ತಜ್ಞರೇ ಆಗಿರುತ್ತಾರೆ.

ಅರಿವಳಿಕೆ ವಿಷಯದಲ್ಲಿ ಎರಡು ಗೆರೆಗಳ ಅಂತರ ಸ್ಪಷ್ಟವಾಗಿ ಕಾಣುತ್ತದೆ. ಕಾನೂನು 3 ವರ್ಷ ಸಾಕು ಎನ್ನುತ್ತದೆ. ಆ ವಿಭಾಗದ ತಜ್ಞರು ಬರೆದ ದಾಖಲೆ 5 ವರ್ಷ ಬೇಕು ಎನ್ನುತ್ತದೆ. ಯಾಕೆ? ಯುರೋಪಿನಲ್ಲಿ ಅರಿವಳಿಕೆ ಡಾಕ್ಟರ ಕೆಲಸ ಆಪರೇಷನ್ ಥಿಯೇಟರಿನಲ್ಲಿ ಮುಗಿಯುವುದಿಲ್ಲ. ಐ.ಸಿ.ಯು. ನೋಡಿಕೊಳ್ಳುವುದು, ತುರ್ತು ಸ್ಥಿತಿಯಲ್ಲಿ ಉಸಿರು ಉಳಿಸುವುದು, ಹಳೆಯ ನೋವಿಗೆ ಚಿಕಿತ್ಸೆ ಕೊಡುವುದು ಎಲ್ಲ ಅವರ ಪಾಲಿನದೇ. ಇಷ್ಟನ್ನೂ ಮೂರು ವರ್ಷದಲ್ಲಿ ಕಲಿಸಲಾಗದು ಎಂಬುದು ಅವರ ವಾದ. ಕಾನೂನಿನ ಕೆಳಗೆರೆ ಎಲ್ಲ ದೇಶಗಳೂ ಒಪ್ಪುವಷ್ಟು ಕೆಳಗೇ ಇರಬೇಕಾಗುತ್ತದೆ. ವೃತ್ತಿಯವರ ಮೇಲ್ಗೆರೆಗೆ ಆ ಕಟ್ಟುಪಾಡಿಲ್ಲ.

ವರ್ಷ ಎಣಿಸಿದರೆ ಕೈ ಪಳಗುತ್ತದೆಯೇ?

ವರ್ಷ ಎಣಿಸುವುದು ಸುಲಭ. ಆದರೆ ಒಂದು ವರ್ಷ ಎಂದರೆ ಎಷ್ಟು? ಯುರೋಪಿಯನ್ ಒಕ್ಕೂಟದಲ್ಲಿ ಕೆಲಸದ ಹೊತ್ತಿಗೆ ಮಿತಿಯಿದೆ. ಸರಾಸರಿ ವಾರಕ್ಕೆ 48 ಗಂಟೆ. ತರಬೇತಿಯಲ್ಲಿರುವ ವೈದ್ಯರಿಗೆ ಈ ಮಿತಿ 2004ರಿಂದ ಹಂತಹಂತವಾಗಿ ಬಂದು 2009ರ ಹೊತ್ತಿಗೆ ಪೂರ್ತಿ ಅನ್ವಯವಾಯಿತು. ಅಮೆರಿಕದಲ್ಲಿ 2003ರಿಂದ ಮಿತಿ ವಾರಕ್ಕೆ 80 ಗಂಟೆ. ನಮ್ಮ ಪಿ.ಜಿ.ಗಳ ಡ್ಯೂಟಿ ಎಷ್ಟು ಹೊತ್ತು ಎಂದು ಅವರ ಅಮ್ಮಂದಿರಿಗೆ ಗೊತ್ತು.

ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 45 ವಾರ ಕೆಲಸ ಎಂದಿಟ್ಟುಕೊಳ್ಳಿ. ವಾರಕ್ಕೆ 48 ಗಂಟೆಯಂತೆ ಐದು ವರ್ಷಕ್ಕೆ 10,800 ಗಂಟೆ. ವಾರಕ್ಕೆ 80 ಗಂಟೆಯಂತೆ ಮೂರೇ ವರ್ಷಕ್ಕೆ 10,800 ಗಂಟೆ. ನೋಡಿ, ಎರಡೂ ಒಂದೇ! ಹಾಗೆಂದು ಎರಡೂ ಕಲಿಕೆ ಒಂದೇ ಎನ್ನಲಾಗದು. ನಿದ್ದೆಗೆಟ್ಟು ಮಾಡಿದ ಎಂಬತ್ತನೆಯ ಗಂಟೆಯಲ್ಲಿ ಕಲಿಯುವುದೆಷ್ಟು, ತಪ್ಪುವುದೆಷ್ಟು? ಆ ಗಂಟೆಯಲ್ಲಿ ಕಲಿಯುವವರು ಸೂಜಿ ಹಿಡಿದಿದ್ದರೋ, ಫೈಲ್ ಬರೆಯುತ್ತಿದ್ದರೋ? ವರ್ಷವೂ ಗಂಟೆಯೂ ಇದನ್ನು ಹೇಳುವುದಿಲ್ಲ.

ಆದ್ದರಿಂದ ಕಳೆದ ಎರಡು ಮೂರು ದಶಕಗಳಲ್ಲಿ ಯೋಚನೆಯೇ ಬದಲಾಯಿತು. ಎಷ್ಟು ವರ್ಷ ಇದ್ದೆ ಎಂದು ಕೇಳುವ ಬದಲು, ಏನು ಮಾಡಬಲ್ಲೆ ಎಂದು ಕೇಳತೊಡಗಿದರು. ತಜ್ಞ ವೈದ್ಯರ ತರಬೇತಿಗೆ ಮಾನದಂಡ ಹಾಕುವ ಕೆನಡಾದ ರಾಯಲ್ ಕಾಲೇಜು 1996ರಲ್ಲಿ ಒಂದು ಚೌಕಟ್ಟು ತಂದಿತು. ತಜ್ಞ ವೈದ್ಯರಿಗೆ ಏಳು ಪಾತ್ರಗಳಿವೆ ಎಂದಿತು. ರೋಗ ಬಲ್ಲವರಾಗಿದ್ದರೆ ಸಾಲದು. ರೋಗಿಯ ಜೊತೆ ಮಾತಾಡಲು ಬರಬೇಕು, ನರ್ಸ್ ಮತ್ತು ಇತರರ ಜೊತೆ ಕೂಡಿ ದುಡಿಯಲು ಬರಬೇಕು, ಮುಂದೆ ನಿಂತು ನಡೆಸಲೂ ಬರಬೇಕು. ಈ ಚೌಕಟ್ಟನ್ನು ಎಷ್ಟೋ ದೇಶಗಳು ತಮ್ಮದಕ್ಕೆ ಹೊಂದಿಸಿಕೊಂಡವು.

ಮಾಡಬಲ್ಲೆ ಎನ್ನುವುದನ್ನು ಅಳೆಯುವುದು ಹೇಗೆ? ಇದಕ್ಕೆ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನ ವೈದ್ಯಕೀಯ ಶಿಕ್ಷಣ ತಜ್ಞ ಓಲೆ ಟೆನ್ ಕಾಟೆ 2005ರಲ್ಲಿ ಒಂದು ದಾರಿ ತೋರಿಸಿದರು. ಅದನ್ನು ನಂಬಿ ಒಪ್ಪಿಸಬಹುದಾದ ಕೆಲಸ ಎನ್ನೋಣ. ಕೇಳಲು ಹೊಸದು. ನಮ್ಮ ಅಡುಗೆಮನೆಗೆ ಮಾತ್ರ ಬಹಳ ಹಳೆಯದು.

ಹೋಳಿಗೆ ಕಲಿಯುವುದನ್ನು ನೆನಪಿಸಿಕೊಳ್ಳಿ. ಮೊದಲು ಅಜ್ಜಿ ಪಕ್ಕದಲ್ಲಿ ಕೂರಿಸಿಕೊಂಡು ನೋಡು ಎನ್ನುತ್ತಾಳೆ. ಆಮೇಲೆ ಹೂರಣ ರುಬ್ಬಲು ಕೊಡುತ್ತಾಳೆ, ಕಣ್ಣು ಮಾತ್ರ ಅಲ್ಲೇ. ಮುಂದೊಂದು ದಿನ ನೀನೇ ತಟ್ಟು ಎಂದು ಹೇಳಿ ನಡುಮನೆಗೆ ಹೋಗುತ್ತಾಳೆ. ಕೂಗಿದರೆ ಬರುವಷ್ಟು ದೂರ. ಇನ್ನೊಂದು ಯುಗಾದಿಗೆ ಪೂರ್ತಿ ಒಲೆಯನ್ನೇ ಬಿಟ್ಟುಕೊಡುತ್ತಾಳೆ. ಕೊನೆಗೊಮ್ಮೆ, ತಂಗಿಗೆ ನೀನೇ ಹೇಳಿಕೊಡು ಎನ್ನುತ್ತಾಳೆ. ಐದು ಹಂತ. ಯಾವ ವರ್ಷ ಯಾವ ಹಂತ ಎಂದು ಅಜ್ಜಿ ಕ್ಯಾಲೆಂಡರ್ ನೋಡುವುದಿಲ್ಲ. ಕೈ ನೋಡುತ್ತಾಳೆ.

ಆಸ್ಪತ್ರೆಯ ಐದು ಹಂತಗಳೂ ಹೀಗೇ ಇವೆ. ನೋಡುವುದು. ಹಿರಿಯರು ಎದುರೇ ನಿಂತಾಗ ಮಾಡುವುದು. ಕರೆದರೆ ಬರುವಷ್ಟು ಹತ್ತಿರದಲ್ಲಿ ಹಿರಿಯರಿದ್ದಾಗ ಮಾಡುವುದು. ತಾನೊಬ್ಬನೇ ಮಾಡುವುದು. ಬೇರೆಯವರಿಗೆ ಕಲಿಸುವುದು. 'ಸಿಸೇರಿಯನ್ ಹೆರಿಗೆಗೆ ಬೆನ್ನಿನಲ್ಲಿ ಅರಿವಳಿಕೆ ಕೊಡುವುದು' ಎಂಬುದು ಹೀಗೆ ಒಪ್ಪಿಸುವ ಒಂದು ಕೆಲಸ ಎಂದುಕೊಳ್ಳಿ. ಸೂಜಿ ಸರಿಯಾದ ಜಾಗಕ್ಕೆ ಹೋದರೆ ಅದು ಮುಗಿಯಿತೇ? ಹೆದರಿದ ತಾಯಿಗೆ ಮೊದಲೇ ಎರಡು ಮಾತು ಹೇಳಿದರೋ, ರಕ್ತದೊತ್ತಡ ಇಳಿದಾಗ ತಕ್ಷಣ ಗಮನಿಸಿದರೋ, ಕೈಮೀರುತ್ತಿದೆ ಅನ್ನಿಸಿದಾಗ ಹಿರಿಯರನ್ನು ಕರೆದರೋ ಎಂದೂ ನೋಡುತ್ತಾರೆ. ಸಹಾಯ ಕೇಳಲು ಹಿಂಜರಿಯುವವರಿಗೆ ಕೆಲಸ ಒಪ್ಪಿಸುವುದಿಲ್ಲ. ನಾನು ರೋಗಿಯಾಗಿ ಮಲಗಿದ್ದಾಗ ನನ್ನ ಡಾಕ್ಟರಲ್ಲಿ ಬಯಸುವ ಗುಣವೂ ಅದೇ.

ಇದರಲ್ಲಿ ತೊಡಕೂ ಇದೆ. ಒಬ್ಬರೇ ಕೂತು ಅಂಕ ಹಾಕಿದರೆ ಮುಲಾಜು, ಮುನಿಸು ಎರಡೂ ನುಸುಳುತ್ತವೆ. ಆದ್ದರಿಂದ ಹಲವರು, ಹಲವು ಸಲ, ಬೇರೆ ಬೇರೆ ರೀತಿಯಲ್ಲಿ ನೋಡಿ ಸೇರಿ ತೀರ್ಮಾನಿಸಬೇಕು. ಅದಕ್ಕೆ ಹಿರಿಯರ ಸಮಯ ಬೇಕು. ಸಮಯಕ್ಕೆ ಆಸ್ಪತ್ರೆ ದುಡ್ಡು ಕೊಡಬೇಕು. ಒಳ್ಳೆಯ ಮಾನದಂಡಗಳು ಸೊರಗುವುದು ಸಾಮಾನ್ಯವಾಗಿ ಈ ಜಾಗದಲ್ಲೇ.

ಕಾಗದ ಸರಿಯಿದ್ದೂ ಆದ ಅನಾಹುತ

2008ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರ್‌ನಲ್ಲಿ ನಡೆದದ್ದು ಇದು. ವಾರಾಂತ್ಯದ ಡ್ಯೂಟಿಗೆ ಜರ್ಮನಿಯಿಂದ ಒಬ್ಬ ವೈದ್ಯ ಬಂದಿದ್ದರು. ಎಪ್ಪತ್ತು ವರ್ಷದ ಒಬ್ಬರಿಗೆ ಮೂತ್ರಪಿಂಡದ ಕಲ್ಲಿನಿಂದ ವಿಪರೀತ ನೋವು. ಈ ವೈದ್ಯರು ಡೈಮಾರ್ಫಿನ್ ಎಂಬ ಪ್ರಬಲ ನೋವುನಿವಾರಕವನ್ನು 100 ಮಿಲಿಗ್ರಾಂ ಚುಚ್ಚಿದರು. ಕೊಡಬಹುದಾದ ಗರಿಷ್ಠ ಪ್ರಮಾಣದ ಹತ್ತು ಪಟ್ಟು. ರೋಗಿ ತೀರಿಕೊಂಡರು. ಆ ಔಷಧಿಯ ಪರಿಚಯ ಆ ವೈದ್ಯರಿಗೆ ಇರಲಿಲ್ಲ. ಇಂಗ್ಲಿಷ್ ಸಾಲದು ಎಂದು ಅದಕ್ಕೂ ಮೊದಲು ಒಂದು ಕಡೆ ಅವರನ್ನು ಕೆಲಸಕ್ಕೆ ಒಪ್ಪಿರಲಿಲ್ಲ. ಇನ್ನೊಂದು ಕಡೆ ಒಪ್ಪಿಗೆ ಸಿಕ್ಕಿತ್ತು. 2010ರಲ್ಲಿ ಬ್ರಿಟನ್ ಅವರ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಿತು.

ಆಗ ಬ್ರಿಟನ್ನೂ ಯುರೋಪಿಯನ್ ಒಕ್ಕೂಟದಲ್ಲಿತ್ತು, ಅದರ ಕಾನೂನಿನ ಪ್ರಕಾರ ಅವರ ಕಾಗದಪತ್ರ ಸರಿಯಾಗಿಯೇ ಇದ್ದವು. ಯಾವ ಬಿರುಕಿನಲ್ಲಿ ಜೀವ ಹೋಯಿತು ಎಂದು ನೋಡಿದರೆ ಎರಡು ಕಾಣುತ್ತವೆ. ತಾನೇತಾನಾಗಿ ಸಿಗುವ ಮಾನ್ಯತೆ ಡಿಗ್ರಿಯನ್ನು ನೋಡುತ್ತದೆ, ಭಾಷೆಯನ್ನು ನೋಡುತ್ತಿರಲಿಲ್ಲ. ಒಂದೇ ಹೆಸರಿನ ಕೆಲಸ ಎರಡು ದೇಶಗಳಲ್ಲಿ ಒಂದೇ ಆಗಿರುತ್ತದೆ ಎಂದು ನಂಬಿತ್ತು. ಆದರೆ ಔಷಧಿಗಳೇ ಬೇರೆ, ರೂಢಿಯೇ ಬೇರೆ.

ಆಮೇಲೆ ಕೆಲವು ಬಾಗಿಲುಗಳಿಗೆ ಅಗುಳಿ ಬಿತ್ತು. 2013ರ ತಿದ್ದುಪಡಿ, ಭಾಷೆ ಪರೀಕ್ಷಿಸುವ ಅಧಿಕಾರವನ್ನು ಸ್ಪಷ್ಟವಾಗಿ ಬರೆಯಿತು. 2014ರಿಂದ ಬ್ರಿಟನ್ ಯುರೋಪಿನ ವೈದ್ಯರ ಇಂಗ್ಲಿಷನ್ನೂ ನೋಡತೊಡಗಿತು. 2016ರಿಂದ ಇನ್ನೊಂದು ವ್ಯವಸ್ಥೆ ಬಂತು. ಒಂದು ದೇಶ ಒಬ್ಬ ವೈದ್ಯರಿಗೆ ಕೆಲಸ ಮಾಡದಂತೆ ನಿರ್ಬಂಧ ಹಾಕಿದರೆ, ಮೂರು ದಿನದೊಳಗೆ ಉಳಿದೆಲ್ಲ ದೇಶಗಳಿಗೂ ಎಚ್ಚರಿಕೆ ಕಳಿಸಬೇಕು. ಅದಕ್ಕೂ ಮೊದಲು ಒಂದು ದೇಶದಲ್ಲಿ ಲೈಸೆನ್ಸ್ ಕಳಕೊಂಡವರು ಪಕ್ಕದ ದೇಶದಲ್ಲಿ ಸದ್ದಿಲ್ಲದೆ ಕೆಲಸಕ್ಕೆ ನಿಲ್ಲುವ ಸಾಧ್ಯತೆ ಇತ್ತು.

ಎಲ್ಲರಿಗೂ ಒಂದೇ ಪರೀಕ್ಷೆ ಇಟ್ಟರೆ ಆಗದೇ?

ಹಾಗೂ ಮಾಡಿ ನೋಡಿದ್ದಾರೆ. ಅರಿವಳಿಕೆಯ ಯುರೋಪಿಯನ್ ಡಿಪ್ಲೊಮಾ 1984ರಿಂದ ನಡೆಯುತ್ತಿದೆ. ಮೊದಲ ಭಾಗ ಬರವಣಿಗೆ, ಎರಡನೆಯದು ಮೌಖಿಕ. ಕಣ್ಣಿನ ವಿಭಾಗದ ಯುರೋಪಿಯನ್ ಪರೀಕ್ಷೆ 1995ರಿಂದ ನಡೆಯುತ್ತಿದೆ. ಅದನ್ನು ಪಾಸಾದವರು ಹೆಸರಿನ ಮುಂದೆ ಎಫ್.ಇ.ಬಿ.ಒ. ಎಂದು ಹಾಕಿಕೊಳ್ಳುತ್ತಾರೆ.

ಇವು ಗುಣಕ್ಕೆ ಸಾಕ್ಷಿ, ಆದರೆ ಲೈಸೆನ್ಸ್ ಆಗುವುದಿಲ್ಲ. ಈ ಪರೀಕ್ಷೆ ಪಾಸಾದ ಮಾತ್ರಕ್ಕೆ ಯಾವ ದೇಶವೂ ಕೆಲಸ ಮಾಡಲು ಬಿಡುವುದಿಲ್ಲ. ಸ್ವಿಟ್ಜರ್ಲೆಂಡ್, ಪೋಲೆಂಡ್‌ನಂಥ ಕೆಲವು ದೇಶಗಳು ಅರಿವಳಿಕೆ ಪರೀಕ್ಷೆಯನ್ನು ಪೂರ್ತಿಯಾಗಿಯೋ ಭಾಗವಾಗಿಯೋ ತಮ್ಮ ದೇಶದ ಪರೀಕ್ಷೆಯ ಜಾಗದಲ್ಲಿ ಬಳಸುತ್ತವೆ. ಉಳಿದವು ತಮ್ಮದನ್ನೇ ಇಟ್ಟುಕೊಂಡಿವೆ. ಆರೋಗ್ಯ ಆಯಾ ದೇಶದ ಹೊಣೆ, ಆಸ್ಪತ್ರೆ ನಡೆಸುವ ದುಡ್ಡು ಆಯಾ ದೇಶದ್ದು, ಏನಾದರೂ ತಪ್ಪಾದರೆ ಜನ ಕೇಳುವುದೂ ಆಯಾ ಸರ್ಕಾರವನ್ನೇ. ಹೀಗಿರುವಾಗ ಕೊನೆಯ ಮಾತನ್ನು ಹೊರಗಿನವರಿಗೆ ಬಿಟ್ಟುಕೊಡಲು ಯಾರೂ ತಯಾರಿಲ್ಲ.

ಸಮಾನ ಮಾನದಂಡಕ್ಕೆ ಇನ್ನೊಂದು ಮುಖವೂ ಇದೆ. ಬಾಗಿಲು ತೆರೆದರೆ ಜನ ಸಂಬಳ ಜಾಸ್ತಿ ಇರುವ ಕಡೆಗೆ ಹೋಗುತ್ತಾರೆ. ರೊಮೇನಿಯಾ ತನ್ನ ಖರ್ಚಿನಲ್ಲಿ ಓದಿಸಿದ ಎಷ್ಟೋ ವೈದ್ಯರು ಪಶ್ಚಿಮದ ದೇಶಗಳಲ್ಲಿದ್ದಾರೆ. ರೊಮೇನಿಯಾದ ಹಳ್ಳಿಯ ರೋಗಿಗೆ ಡಾಕ್ಟರು ಸಿಗುವುದಿಲ್ಲ. ರಾಯಚೂರು, ಯಾದಗಿರಿಯ ಕಡೆ ತಜ್ಞರ ಹುದ್ದೆ ಖಾಲಿ ಬಿದ್ದಿರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮವರಿಗೆ ಇದರಲ್ಲಿ ಏನಿದೆ?

2023ರ ಸೆಪ್ಟೆಂಬರ್‌ನಲ್ಲಿ ಒಂದು ಸುದ್ದಿ ಬಂತು. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ವೈದ್ಯಕೀಯ ಶಿಕ್ಷಣದ ವಿಶ್ವ ಒಕ್ಕೂಟ ಹತ್ತು ವರ್ಷಗಳ ಮಾನ್ಯತೆ ಕೊಟ್ಟಿತು. ಇನ್ನು ನಮ್ಮ ಡಾಕ್ಟರು ಎಲ್ಲಿ ಬೇಕಾದರೂ ಕೆಲಸ ಮಾಡಬಹುದು ಎಂದು ಕೆಲವರು ಸಂತೋಷಪಟ್ಟರು. ಅಷ್ಟು ದೂರ ಹೋಗುವ ಹಾಗಿಲ್ಲ. ಆ ಮಾನ್ಯತೆ, ನಮ್ಮ ಮೆಡಿಕಲ್ ಕಾಲೇಜುಗಳನ್ನು ಪರಿಶೀಲಿಸುವ ವ್ಯವಸ್ಥೆ ಸರಿಯಾಗಿದೆ ಎನ್ನುತ್ತದೆ. ಅದರಿಂದ ನಮ್ಮ ಎಂ.ಬಿ.ಬಿ.ಎಸ್. ಓದಿದವರು ಅಮೆರಿಕದಂಥ ದೇಶಗಳ ಪರೀಕ್ಷೆಗೆ ಅರ್ಜಿ ಹಾಕುವ ದಾರಿ ಉಳಿಯಿತು. ಪರೀಕ್ಷೆ ಬರೆಯುವುದು ತಪ್ಪಲಿಲ್ಲ. ನಮ್ಮ ಎಂ.ಡಿ., ಎಂ.ಎಸ್.ಗಳಿಗೆ ಹೊರದೇಶದಲ್ಲಿ ತಾನೇತಾನಾಗಿ ಬೆಲೆ ಬರುವ ವಿಷಯವೂ ಅದರಲ್ಲಿಲ್ಲ.

ಒಳಗೆ ಬದಲಾವಣೆ ಆಗುತ್ತಿದೆ. 2019ರಿಂದ ನಮ್ಮ ಎಂ.ಬಿ.ಬಿ.ಎಸ್. ಪಠ್ಯಕ್ರಮವೂ ಏನು ಮಾಡಬಲ್ಲೆ ಎಂದು ಕೇಳುವ ಕಡೆಗೆ ತಿರುಗಿದೆ. ಪಿ.ಜಿ. ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯಬೇಕು ಎಂಬ ನಿಯಮವೂ ಬಂದಿದೆ. ಹಾಜರಿ ಹಾಕಲಷ್ಟೇ ಹೋಗಿಬರದೆ ನಿಜಕ್ಕೂ ರೋಗಿಗಳ ನಡುವೆ ಕಳೆದರೆ, ಈ ಮೂರು ತಿಂಗಳು ದೊಡ್ಡ ಕಾಲೇಜು ಕಲಿಸದ ಎಷ್ಟನ್ನೋ ಕಲಿಸುತ್ತದೆ ಎಂದು ನನ್ನ ನಂಬಿಕೆ.

ತಿರುಗಿ ಬರುವವರೂ ಒಂದು ವಿಷಯ ತಿಳಿದಿರಬೇಕು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಂಬ ಐದು ದೇಶಗಳ ಸ್ನಾತಕೋತ್ತರ ಅರ್ಹತೆಗೆ ಭಾರತ 2008ರಲ್ಲಿ ಮಾನ್ಯತೆ ಕೊಟ್ಟಿತು. ಆ ಐದರಲ್ಲಿ ಜರ್ಮನಿ ಇಲ್ಲ. ಆ ಹಿರಿಯರ ಮಗಳ ಕೈಯಲ್ಲಿ ಇಲ್ಲಿಯ ಎಂ.ಡಿ. ಇರುವುದರಿಂದ ಅವಳಿಗೆ ಚಿಂತೆಯಿಲ್ಲ. ಬರೀ ಎಂ.ಬಿ.ಬಿ.ಎಸ್. ಮುಗಿಸಿ ಅಲ್ಲಿ ತಜ್ಞರಾಗಲು ಹೊರಟವರು ಮಾತ್ರ ಇದನ್ನು ಮೊದಲೇ ಯೋಚಿಸಿ ಹೋಗುವುದು ಒಳ್ಳೆಯದು.

ಇನ್ನು ಅವಳ ದಾರಿ. ಮೊದಲು ಜರ್ಮನ್ ಭಾಷೆ, ಮಾತುಕತೆ ಸರಾಗವಾಗಿ ನಡೆಸಬಲ್ಲ ಬಿ-2 ಮಟ್ಟದವರೆಗೆ. ಆಮೇಲೆ ವೈದ್ಯರ ಭಾಷಾ ಪರೀಕ್ಷೆ. ಇಪ್ಪತ್ತಿಪ್ಪತ್ತು ನಿಮಿಷದ ಮೂರು ಭಾಗ: ರೋಗಿಯ ಜೊತೆ ಮಾತು, ಕೇಳಿದ್ದನ್ನು ಬರೆಯುವುದು, ಇನ್ನೊಬ್ಬ ವೈದ್ಯರಿಗೆ ಆ ಕೇಸನ್ನು ವಿವರಿಸುವುದು. ಭಾಷೆ ಬಲ್ಲೆ ಎಂದು ರೊಮೇನಿಯಾದವರೂ ತೋರಿಸಬೇಕು. ಅದಾದ ಮೇಲೆ ಅವಳ ಓದು ಜರ್ಮನಿಯ ಓದಿಗೆ ಸಮವೋ ಎಂದು ನೋಡುತ್ತಾರೆ. ಸಮವಲ್ಲ ಎಂದಾದರೆ ವೈದ್ಯ ವಿದ್ಯೆಯ ಮೌಖಿಕ ಮತ್ತು ಪ್ರಾಯೋಗಿಕ ಪರೀಕ್ಷೆ. ರೊಮೇನಿಯಾದವರಿಗೆ ಇಲ್ಲದ್ದು ಈ ಹೆಜ್ಜೆ. ಪಾಸಾದರೆ ವೈದ್ಯೆಯಾಗಿ ಕೆಲಸ ಮಾಡುವ ಪೂರ್ಣ ಅನುಮತಿ. ತಜ್ಞೆ ಎಂಬ ಹೆಸರಿಗೆ ಇನ್ನೊಂದು ಅರ್ಜಿ. ಅಲ್ಲಿ ಅವಳ ಎಂ.ಡಿ. ಲಾಗ್‌ಬುಕ್, ಮಾಡಿದ ಕೇಸುಗಳ ಲೆಕ್ಕ, ಐ.ಸಿ.ಯು.ನಲ್ಲಿ ಕಳೆದ ತಿಂಗಳುಗಳು ಎಲ್ಲ ಕೆಲಸಕ್ಕೆ ಬರುತ್ತವೆ. ಕಾಲೇಜು ಬಿಡುವ ಮೊದಲೇ ಸಹಿ, ಸೀಲು ಹಾಕಿಸಿ ಇಟ್ಟುಕೊಳ್ಳಲು ಹೇಳಿ. ಕೊರತೆ ಕಂಡರೆ ಇನ್ನಷ್ಟು ಕಾಲ ಅಲ್ಲಿ ತರಬೇತಿ ಪಡೆಯಲು ಹೇಳುತ್ತಾರೆ, ಇಲ್ಲವೇ ಪರೀಕ್ಷೆ ಮಾಡುತ್ತಾರೆ.

ಜರ್ಮನಿ ಒಮ್ಮೆ ಅವಳನ್ನು ತಜ್ಞೆ ಎಂದು ಒಪ್ಪಿ, ಅಲ್ಲೇ ಅವಳು ಮೂರು ವರ್ಷ ಆ ಕೆಲಸ ಮಾಡಿದರೆ, ಯುರೋಪಿನ ಅದೇ 2005ರ ಕಾನೂನು ಅವಳ ನೆರವಿಗೂ ಬರುತ್ತದೆ. ಒಕ್ಕೂಟದ ಬೇರೆ ದೇಶದಲ್ಲಿ ಮಾನ್ಯತೆ ಕೇಳುವಾಗ ಅವಳ ಭಾರತದ ಅರ್ಹತೆಯನ್ನೂ ಒಕ್ಕೂಟದ ನಿಯಮಗಳಡಿಯಲ್ಲೇ ಪರಿಶೀಲಿಸಬೇಕಾಗುತ್ತದೆ. ಫ್ರಾನ್ಸಿಗೆ ಹೋಗುವುದಾದರೆ ಫ್ರೆಂಚ್ ಮಾತ್ರ ಅ ಆ ಇ ಈಯಿಂದಲೇ ಕಲಿಯಬೇಕು.